ತೋಟದ ದಾರಿಗೆ ಯಾವ ವೇರಿಯಂಟ್? ಫೋರ್ ಬೈ ಫೋರ್ ಕೊಳ್ಳುವವರಿಗೆ ಹಂತ ಹಂತದ ಮಾರ್ಗದರ್ಶಿ

ಮೂಡಿಗೆರೆ, ಸಕಲೇಶಪುರ, ಕಳಸ, ಆಲ್ದೂರು ಕಡೆಯಿಂದ ಬರುವ ಪ್ರಶ್ನೆ ಹೆಚ್ಚು ಕಮ್ಮಿ ಒಂದೇ. "ಗಾಡಿ ಯಾವುದು ಅಂತ ಫಿಕ್ಸ್ ಆಗಿದೆ. ಯಾವ ವೇರಿಯಂಟ್ ತಗೊಳ್ಳಲಿ? ಟಾಪ್ ಎಂಡ್‌ಗೆ ಇನ್ನೂ ಎರಡು ಲಕ್ಷ ಹಾಕಬೇಕಾ?" ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರ ಕೊಡುವ ಬದಲು ಪೂರ್ತಿ ವಿಷಯವನ್ನು ಒಂದೇ ಕಡೆ ಬರೆದಿದ್ದೇನೆ.

ಮೊದಲು ಮೂರು ಪದ. ವೇರಿಯಂಟ್ ಅಂದರೆ ಒಂದೇ ಗಾಡಿಯ ಬೇರೆ ಬೇರೆ ದರ್ಜೆ, ಬೇಸ್‌ನಿಂದ ಟಾಪ್ ಎಂಡ್‌ವರೆಗೆ. ಆಪ್ಷನ್ ಅಂದರೆ ಫ್ಯಾಕ್ಟರಿಯಲ್ಲೇ ಸೇರಿ ಬರುವ ಆಯ್ಕೆ: ಇಂಜಿನ್, ಗೇರ್‌ಬಾಕ್ಸ್, ಫೋರ್ ಬೈ ಫೋರ್, ಡಿಫರೆನ್ಷಿಯಲ್ ಲಾಕ್. ಆಕ್ಸೆಸರಿ ಅಂದರೆ ಗಾಡಿ ಬಂದ ಮೇಲೆ ಶೋರೂಮ್‌ನಲ್ಲೋ ಅಂಗಡಿಯಲ್ಲೋ ಕೂರಿಸುವ ಸಾಮಾನು. ಶೋರೂಮ್‌ನಲ್ಲಿ ಈ ಮೂರನ್ನೂ ಕಲಸಿ ಮಾತಾಡುತ್ತಾರೆ. ನೀವು ಬೇರೆ ಬೇರೆ ಮಾಡಿ ಕೇಳಬೇಕು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹಾಕಿಸಲು ಆಗದೇ ಇರುವುದಕ್ಕೆ ಮೊದಲು ದುಡ್ಡು ಕೊಡಿ. ಆಮೇಲೆ ಹಾಕಿಸಬಹುದಾದ್ದನ್ನು ಈಗ ಬಿಟ್ಟುಬಿಡಿ. ಮಲೆನಾಡಿನಲ್ಲಿ ಗಾಡಿಯ ಬೆಲೆ ಗೊತ್ತಾಗುವುದು ಸೀಟಿನ ಕೆಳಗೆ, ಡ್ಯಾಶ್‌ಬೋರ್ಡ್ ಮೇಲಲ್ಲ.

ಕೈಯಲ್ಲಿ ಇಟ್ಟುಕೊಳ್ಳಬೇಕಾದ್ದು ಇಷ್ಟೇ: ಗಾಡಿಯ ಬ್ರೋಷರ್, ಒಂದು ಅಳತೆ ಟೇಪು, ಕನಿಷ್ಠ ಎರಡು ವೇರಿಯಂಟ್‌ಗಳ ಆನ್ ರೋಡ್ (ತೆರಿಗೆ, ಇನ್ಶೂರೆನ್ಸ್ ಎಲ್ಲ ಸೇರಿದ) ಕೊಟೇಶನ್, ಮತ್ತೆ ಸ್ವಲ್ಪ ತಾಳ್ಮೆ.

1. ಮೊದಲು ನಿಮ್ಮ ದಾರಿಯನ್ನು ಬರೆಯಿರಿ

ಒಂದು ತಿಂಗಳಲ್ಲಿ ಗಾಡಿ ಎಲ್ಲೆಲ್ಲಿ ಓಡುತ್ತದೆ ಅಂತ ಹಾಳೆಯಲ್ಲಿ ಬರೆದುಕೊಳ್ಳಿ. ಟಾರು ರಸ್ತೆ ಎಷ್ಟು, ಜಲ್ಲಿ ದಾರಿ ಎಷ್ಟು, ಮಣ್ಣಿನ ಏರು ಎಷ್ಟು? ಆ ಮಣ್ಣಿನ ಏರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೇಗಿರುತ್ತದೆ? ಹಳ್ಳ ದಾಟಬೇಕಾ? ದಾಟುವುದಾದರೆ ನೀರು ಮೊಣಕಾಲಿಗಿಂತ ಮೇಲೆ ಬರುತ್ತದಾ?

ಹಾಸನದಲ್ಲಿ ಕೆಲಸ, ವರ್ಷಕ್ಕೆ ನಾಲ್ಕು ಸಲ ಮುಳ್ಳಯ್ಯನಗಿರಿಗೋ ಬಿಸಿಲೆಗೋ ಹೋಗಿಬರುವುದು ಅನ್ನುವವರ ಲೆಕ್ಕವೇ ಬೇರೆ. ಹಾನುಬಾಳು ಕಡೆ ತೋಟ, ದಿನಾ ಎರಡು ಸಲ ಕೆಸರು ದಾಟಬೇಕು ಅನ್ನುವವರ ಲೆಕ್ಕವೇ ಬೇರೆ. ಚಾರ್ಮಾಡಿ, ಶಿರಾಡಿ ಘಾಟಿಗಳು ಹೆದ್ದಾರಿಗಳು. ಅಲ್ಲಿ ಓಡಿಸಲು ಫೋರ್ ಬೈ ಫೋರ್ ಬೇಕಿಲ್ಲ, ಒಳ್ಳೆಯ ಬ್ರೇಕು, ಟೈರು ಸಾಕು.

ಬಹಳ ಜನ ಜಾರುವುದು ಇಲ್ಲೇ. ಫೆಬ್ರುವರಿಯಲ್ಲಿ, ದಾರಿ ಒಣಗಿ ಗಟ್ಟಿಯಾಗಿರುವಾಗ ನಿರ್ಧಾರ ಮಾಡುತ್ತಾರೆ. ಜುಲೈನ ದಾರಿಯನ್ನು ನೆನಪಿಸಿಕೊಂಡು ಬರೆಯಿರಿ.

2. ಎಷ್ಟು ಚಕ್ರ ಎಳೆಯುತ್ತವೆ?

ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಈ ಒಂದನ್ನು ಆಮೇಲೆ ಬದಲಾಯಿಸಲು ಸಾಧ್ಯವೇ ಇಲ್ಲ.

ಟೂ ವೀಲ್ ಡ್ರೈವ್ ಅಂದರೆ ಇಂಜಿನ್ ಎರಡೇ ಚಕ್ರ ತಿರುಗಿಸುತ್ತದೆ. ಫೋರ್ ಬೈ ಫೋರ್‌ನಲ್ಲಿ ನಾಲ್ಕೂ. ಹೆಚ್ಚಿನ ಜೀಪು ಮಾದರಿಯ ಗಾಡಿಗಳಲ್ಲಿ ಮೂರು ಸ್ಥಿತಿ ಇರುತ್ತವೆ. 2ಎಚ್ ಅಂದರೆ ಮಾಮೂಲಿ ಓಡಾಟ, ಎರಡು ಚಕ್ರ. 4ಎಚ್ ಅಂದರೆ ನಾಲ್ಕೂ ಚಕ್ರ, ಸಾಮಾನ್ಯ ವೇಗ. 4ಎಲ್ ಅಂದರೆ ನಾಲ್ಕೂ ಚಕ್ರದ ಜೊತೆಗೆ ಲೋ ಗೇರ್: ಗಾಡಿ ನಿಧಾನ ಆಗುತ್ತದೆ, ಎಳೆತ ಜಾಸ್ತಿ ಆಗುತ್ತದೆ. ಮಹೀಂದ್ರ ಥಾರ್‌ನ ಲೋ ಗೇರ್ ಅನುಪಾತ 2.48. ಅಂದರೆ ಅದೇ ಗೇರಿನಲ್ಲಿ, ಅದೇ ಇಂಜಿನ್ ಚಕ್ರಕ್ಕೆ ಸುಮಾರು ಎರಡೂವರೆ ಪಟ್ಟು ಬಲ ಕೊಡುತ್ತದೆ. ಕಡಿದಾದ ಇಳಿಜಾರಿನಲ್ಲೂ ಇದು ಬೇಕು. 4ಎಲ್‌ನಲ್ಲಿ ಒಂದನೇ ಗೇರಿಗೆ ಹಾಕಿದರೆ ಇಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ, ಬ್ರೇಕ್ ತುಳಿದು ಜಾರುವ ಭಯ ಇರುವುದಿಲ್ಲ.

ಎಡವುವುದು ಎಲ್ಲಿ ಅಂದರೆ, ಒಂದೇ ಹೆಸರಿನ ಗಾಡಿಯಲ್ಲಿ ಎರಡೂ ಬಗೆ ಇರುತ್ತವೆ. 1.5 ಲೀಟರ್ ಡೀಸೆಲ್ ಇಂಜಿನ್‌ನ ಮೂರು ಬಾಗಿಲಿನ ಥಾರ್‌ನಲ್ಲಿ ಹಿಂದಿನ ಎರಡು ಚಕ್ರ ಮಾತ್ರ ಎಳೆಯುತ್ತವೆ. ಫೋರ್ ಬೈ ಫೋರ್ ಡೀಸೆಲ್ ಬೇಕಾದರೆ 2.2 ಲೀಟರ್ ಇಂಜಿನ್ ತೆಗೆದುಕೊಳ್ಳಬೇಕು. ಥಾರ್ ರಾಕ್ಸ್ ಮತ್ತು ಸ್ಕಾರ್ಪಿಯೋ ಎನ್ ಎರಡರಲ್ಲೂ ಫೋರ್ ಬೈ ಫೋರ್ ಸಿಗುವುದು ಡೀಸೆಲ್‌ಗೆ ಮಾತ್ರ, ಅದೂ ಎಲ್ಲ ವೇರಿಯಂಟ್‌ಗಳಿಗೆ ಇಲ್ಲ. ಸ್ಕಾರ್ಪಿಯೋ ಕ್ಲಾಸಿಕ್‌ಗೆ ಹಿಂದಿನ ಚಕ್ರ ಮಾತ್ರ. ಮಾರುತಿ ಜಿಮ್ನಿಯ ಝೀಟಾ, ಆಲ್ಫಾ ಎರಡೂ ವೇರಿಯಂಟ್‌ಗಳಲ್ಲಿ ಫೋರ್ ಬೈ ಫೋರ್, ಲೋ ಗೇರ್ ಇದ್ದೇ ಇದೆ. ಫೋರ್ಸ್ ಕಂಪನಿಯ ಗೂರ್ಖಾದಲ್ಲೂ ಹಾಗೆಯೇ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬುಕ್ಕಿಂಗ್ ಫಾರಂನಲ್ಲಿ "ಫೋರ್ ಬೈ ಫೋರ್" ಅಂತ ಬರೆಸಿಕೊಳ್ಳದೆ ದುಡ್ಡು ಕಟ್ಟಬೇಡಿ.

ಆಲ್ ವೀಲ್ ಡ್ರೈವ್ ಅನ್ನುವುದು ಇನ್ನೊಂದು ಬಗೆ. ಗಾಡಿಯೇ ಬೇಕಾದಾಗ ನಾಲ್ಕು ಚಕ್ರಕ್ಕೆ ಬಲ ಹಂಚುತ್ತದೆ, ಆದರೆ ಸಾಮಾನ್ಯವಾಗಿ ಲೋ ಗೇರ್ ಇರುವುದಿಲ್ಲ. ಒದ್ದೆ ಟಾರಿಗೆ, ಜಲ್ಲಿಗೆ ಚೆನ್ನಾಗಿದೆ. ತೋಟದ ಕಡಿದಾದ ಏರಿಗೆ ಸಾಲದು.

ಇನ್ನೊಂದು ಎಚ್ಚರಿಕೆ. ಮಾಮೂಲಿ ಜೀಪಿನ 4ಎಚ್ ಅನ್ನು ಒಣ ಟಾರು ರಸ್ತೆಯಲ್ಲಿ ಹಾಕಿ ಓಡಿಸಬೇಡಿ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದ್ದಕ್ಕಿಂತ ಜಾಸ್ತಿ ದೂರ ಹೋಗಬೇಕು. 4ಎಚ್‌ನಲ್ಲಿ ಎರಡನ್ನೂ ಒಟ್ಟಿಗೆ ಕಟ್ಟಿದ ಹಾಗಿರುತ್ತದೆ. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಸರಿಹೋಗುತ್ತದೆ. ಟಾರಿನಲ್ಲಿ ಜಾರಲು ಜಾಗ ಇಲ್ಲ, ಗೇರ್‌ಗಳ ಮೇಲೆ ಒತ್ತಡ ಬೀಳುತ್ತದೆ.

3. ಡಿಫರೆನ್ಷಿಯಲ್ ಲಾಕ್ ಇದೆಯಾ?

ಬ್ರೋಷರ್‌ನಲ್ಲಿ ಮೂಲೆಯ ಒಂದು ಸಾಲು ಇದು. ಮಲೆನಾಡಿನವರಿಗೆ ಸನ್‌ರೂಫ್‌ಗಿಂತ ಇದು ದೊಡ್ಡ ವಿಷಯ.

ಎಡ ಮತ್ತು ಬಲ ಚಕ್ರಗಳ ನಡುವೆ ಡಿಫರೆನ್ಷಿಯಲ್ ಅನ್ನುವ ಗೇರ್ ಗಂಟು ಇರುತ್ತದೆ. ತಿರುವಿನಲ್ಲಿ ಎರಡೂ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಅದು ಬಿಡುತ್ತದೆ. ಒಳ್ಳೆಯದೇ. ಆದರೆ ಒಂದು ಚಕ್ರಕ್ಕೆ ಹಿಡಿತ ತಪ್ಪಿದರೆ ತಿರುಗುವುದೆಲ್ಲ ಆ ಚಕ್ರವೇ. ಗಟ್ಟಿ ನೆಲದ ಮೇಲಿರುವ ಚಕ್ರಕ್ಕೆ ಗಾಡಿ ತಳ್ಳುವಷ್ಟು ಬಲ ಸಿಗುವುದಿಲ್ಲ.

ಬಾಳೂರು ಕಡೆ ಜುಲೈನಲ್ಲಿ ನೋಡಿದ್ದು. ಒಂದು ತೋಟದ ಏರು, ಹಿಂದಿನ ಚಕ್ರ ಮಾತ್ರ ಎಳೆಯುವ ಹೊಸ ಗಾಡಿ. ಎಡಗಡೆ ಹಿಂದಿನ ಚಕ್ರ ಚರಂಡಿ ಬದಿಯ ಹುದಲಿಗೆ ಇಳಿದಿತ್ತು. ಆಕ್ಸಿಲರೇಟರ್ ಒತ್ತಿದಷ್ಟೂ ಆ ಚಕ್ರ ಗಿರ್ರನೆ ತಿರುಗುತ್ತ ಕೆಸರು ಎರಚುತ್ತಿತ್ತು. ಬಲಗಡೆ ಚಕ್ರ ಗಟ್ಟಿ ಜಲ್ಲಿಯ ಮೇಲೆ ಸುಮ್ಮನೆ ನಿಂತಿತ್ತು. ಅದರ ಟೈರಿಗೆ ಅಂಟಿಕೊಂಡಿದ್ದ ಸಿಲ್ವರ್ ಓಕ್ ಎಲೆ ಕೂಡ ಕದಲಲಿಲ್ಲ. ಡಿಫರೆನ್ಷಿಯಲ್ ಲಾಕ್ ಇದ್ದಿದ್ದರೆ ಆ ಬಲಗಡೆ ಚಕ್ರವೇ ಗಾಡಿಯನ್ನು ಮೇಲಕ್ಕೆ ತಳ್ಳುತ್ತಿತ್ತು.

ಮೂರು ಬಗೆಯ ಪರಿಹಾರ ಇವೆ.

ಬ್ರೇಕ್ ಮೂಲಕ ಹಿಡಿಯುವುದು: ಸುಮ್ಮನೆ ತಿರುಗುವ ಚಕ್ರಕ್ಕೆ ಗಾಡಿಯೇ ಬ್ರೇಕ್ ಹಾಕಿ ಬಲವನ್ನು ಇನ್ನೊಂದು ಬದಿಯ ಚಕ್ರಕ್ಕೆ ಕಳಿಸುತ್ತದೆ. ಜಿಮ್ನಿಯಲ್ಲಿ ಇರುವುದು ಇದು. ಜಿಮ್ನಿ ಹಗುರ, ಸುಮಾರು 1,200 ಕೆಜಿ, ಹಾಗಾಗಿ ಅದಕ್ಕೆ ಇಷ್ಟು ಬಹಳ ಕಡೆ ಸಾಕಾಗುತ್ತದೆ.

ಮೆಕ್ಯಾನಿಕಲ್ ಲಾಕ್: ಒಂದು ಚಕ್ರ ಜಾಸ್ತಿ ತಿರುಗಿದ ಕೂಡಲೇ ಡಿಫರೆನ್ಷಿಯಲ್ ತಾನಾಗಿಯೇ ಲಾಕ್ ಆಗುತ್ತದೆ. ಮಹೀಂದ್ರದ ಕೆಲವು ಗಾಡಿಗಳಲ್ಲಿ ಇದೆ, ಆದರೆ ಎಲ್ಲ ವೇರಿಯಂಟ್‌ಗಳಲ್ಲಿ ಇಲ್ಲ. ಬೊಲೆರೋ ನಿಯೋದಲ್ಲಿ ಎನ್10 (ಓ) ಅನ್ನುವ ವೇರಿಯಂಟ್ ಬಂದದ್ದೇ ಈ ಲಾಕ್ ಇಟ್ಟುಕೊಂಡು. ಅದು ಫೋರ್ ಬೈ ಫೋರ್ ಅಲ್ಲ, ಹಿಂದಿನ ಎರಡೇ ಚಕ್ರ. ಆದರೂ ದಾರಿ ಮಧ್ಯಮ ಮಟ್ಟದ್ದಾಗಿದ್ದು, ಬಜೆಟ್ ಬಿಗಿಯಾಗಿದ್ದರೆ ನಾನು ಮೊದಲು ನೋಡಿ ಅನ್ನುವುದು ಇಂಥ ವೇರಿಯಂಟನ್ನೇ.

ಕೈಯಿಂದ ಹಾಕುವ ಲಾಕ್: ನಾವೇ ಹಾಕಿ, ನಾವೇ ತೆಗೆಯುವುದು. ಗೂರ್ಖಾದಲ್ಲಿ ಮುಂದೆ, ಹಿಂದೆ ಎರಡಕ್ಕೂ ಇದೆ. ಇದಕ್ಕಿಂತ ಗಟ್ಟಿಯಾದ್ದು ಇಲ್ಲ. ಆದರೆ ಕೆಸರು ದಾಟಿದ ಕೂಡಲೇ ತೆಗೆಯುವುದನ್ನು ಮರೆಯಬಾರದು. ಲಾಕ್ ಹಾಕಿಕೊಂಡೇ ಗಟ್ಟಿ ರಸ್ತೆಯಲ್ಲಿ ತಿರುಗಿಸಿದರೆ ಆಕ್ಸಲ್‌ಗೆ ಪೆಟ್ಟು.

ಶೋರೂಮ್‌ನಲ್ಲಿ "ಲಾಕ್ ಇದೆ ಸಾರ್" ಅಂದರೆ ಸಾಲದು. "ಬ್ರೇಕ್‌ನದ್ದಾ, ಮೆಕ್ಯಾನಿಕಲ್ಲಾ? ನಾನು ಕೇಳುತ್ತಿರುವ ಇದೇ ವೇರಿಯಂಟ್‌ನಲ್ಲಿ ಇದೆಯಾ?" ಅಂತ ಕೇಳಿ ಬ್ರೋಷರ್‌ನಲ್ಲಿ ತೋರಿಸಲು ಹೇಳಿ.

4. ಇಂಜಿನ್ ಮತ್ತು ಗೇರ್

ತೋಟದವರು ಕಣ್ಣು ಮುಚ್ಚಿ ಡೀಸೆಲ್ ಅನ್ನುತ್ತಾರೆ. ಈಗ ಒಮ್ಮೆ ಯೋಚಿಸಬೇಕು. ಬಿಎಸ್6 (ಹೊಗೆಯ ಈಗಿನ ಮಾನದಂಡ) ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅನ್ನುತ್ತಾರೆ. ಸೈಲೆನ್ಸರ್ ಚೆನ್ನಾಗಿ ಬಿಸಿಯಾದಾಗ ಆ ಮಸಿ ಸುಟ್ಟುಹೋಗುತ್ತದೆ. ದಿನಾ ಮನೆಯಿಂದ ಕಣಕ್ಕೆ, ಕಣದಿಂದ ಲೈನ್ ಮನೆಗೆ ಅಂತ ಮೂರು ನಾಲ್ಕು ಕಿಲೋಮೀಟರ್ ಮಾತ್ರ ಓಡಿದರೆ ಬಿಸಿಯಾಗುವುದೇ ಇಲ್ಲ. ಫಿಲ್ಟರ್ ಕಟ್ಟಿಕೊಂಡು ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಬರುತ್ತದೆ. ಚಿಕ್ಕಮಗಳೂರಿನಿಂದ ಹಾಸನಕ್ಕೆ ಸುಮಾರು 60 ಕಿಲೋಮೀಟರ್. ಅಷ್ಟು ದೂರ ಆಗಾಗ ಒಂದೇ ಸಮ ಓಡಿಸುವವರಿಗೆ ಡೀಸೆಲ್ ಸರಿ. ತೋಟ ಬಿಟ್ಟು ಹೊರಡುವುದೇ ಅಪರೂಪ ಅಂದರೆ ಪೆಟ್ರೋಲ್ ನೆಮ್ಮದಿ.

ಭಾರ ಹೇರುವುದು, ಟ್ರೈಲರ್ ಎಳೆಯುವುದು ಇದ್ದರೆ ಮಾತ್ರ ಡೀಸೆಲ್‌ನ ಎಳೆತ ಬೇಕೇ ಬೇಕು. ಜಿಮ್ನಿಯ 1.5 ಪೆಟ್ರೋಲ್‌ನ ಎಳೆತ 134 ನ್ಯೂಟನ್ ಮೀಟರ್, ಥಾರ್‌ನ 2.2 ಡೀಸೆಲ್‌ನದ್ದು 300. ಕೊಯ್ಲಿನ ಕಾಲದಲ್ಲಿ ಮೂಟೆ ಹೊರುವವರಿಗೆ ಈ ವ್ಯತ್ಯಾಸ ದಿನಾ ಕಾಣುತ್ತದೆ.

ಆಟೊಮ್ಯಾಟಿಕ್ ಆಫ್ ರೋಡ್‌ಗೆ ಆಗಲ್ಲ ಅನ್ನುವ ಮಾತು ತಪ್ಪು. ಏರಿನಲ್ಲಿ ಕ್ಲಚ್ ಸುಡುವ ಭಯ ಇಲ್ಲ, ಹೊಸಬರಿಗೆ ಸುಲಭ. ಆದರೆ ಇಳಿಯುವಾಗ ಗೇರನ್ನು ಕೈಯಿಂದ ಕಡಿಮೆ ಮಾಡಿಕೊಳ್ಳುವ ಸೌಲಭ್ಯ ಇದೆಯಾ ನೋಡಿ. ತೋಟದಲ್ಲಿ ಮೂರು ನಾಲ್ಕು ಜನ ಓಡಿಸುವ ಗಾಡಿಯಾದರೆ ಮ್ಯಾನುಯಲ್ ಸಾಕು, ರಿಪೇರಿಯೂ ಹತ್ತಿರದಲ್ಲೇ ಆಗುತ್ತದೆ.

5. ಟೈರು, ರಿಮ್ಮು, ನೆಲದಿಂದ ಎತ್ತರ

ಟಾಪ್ ಎಂಡ್ ಅಂದರೆ ಸಾಮಾನ್ಯವಾಗಿ ದೊಡ್ಡ ಅಲಾಯ್ ರಿಮ್. ನೋಡಲು ಚೆಂದ. ಕಲ್ಲಿನ ದಾರಿಗೆ ಅದೇ ಒಳ್ಳೆಯದು ಅಂತೇನಿಲ್ಲ. ಲೆಕ್ಕ ಹಾಕಿ ತೋರಿಸುತ್ತೇನೆ.

ಟೈರಿನ ಮೇಲೆ 245/75 ಆರ್16 ಅಂತ ಇದ್ದರೆ ಅಗಲ 245 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇ 75, ರಿಮ್ 16 ಇಂಚು. ಅಂದರೆ ರಿಮ್‌ಗೂ ನೆಲಕ್ಕೂ ನಡುವೆ ಸುಮಾರು 184 ಮಿಲಿಮೀಟರ್ ರಬ್ಬರ್. 255/65 ಆರ್18 ಆದರೆ ಅದು ಸುಮಾರು 166 ಮಿಲಿಮೀಟರ್. ರಬ್ಬರ್ ಎತ್ತರ ಇದ್ದಷ್ಟೂ ಕಲ್ಲಿನ ಪೆಟ್ಟು ರಿಮ್‌ಗೆ ತಾಗುವುದು ಕಮ್ಮಿ, ಕುಲುಕಾಟವೂ ಕಮ್ಮಿ. ಸ್ಟೀಲ್ ರಿಮ್ ಬಗ್ಗಿದರೆ ಬಡಿದು ಸರಿ ಮಾಡಬಹುದು. ಅಲಾಯ್ ಸೀಳಿದರೆ ಹೊಸದೇ ಬೇಕು. ಜಿಮ್ನಿಯ ಝೀಟಾದಲ್ಲಿ ಸ್ಟೀಲ್ ರಿಮ್ ಬರುತ್ತದೆ. ಅದನ್ನು ಕೊರತೆ ಅಂತ ನೋಡಬೇಡಿ.

ಟೈರಿನ ಬಗೆ ಮೂರು. ಎಚ್‌ಟಿ ಟಾರಿಗೆ, ಎಟಿ ಎರಡಕ್ಕೂ, ಎಂಟಿ ಪೂರ್ತಿ ಕೆಸರಿಗೆ. ನಮ್ಮ ಕಡೆಗೆ ಎಟಿ ಸಾಕು. ಎಂಟಿ ಟೈರು ಒದ್ದೆ ಟಾರಿನಲ್ಲಿ ಅಷ್ಟು ಹಿಡಿಯುವುದಿಲ್ಲ, ಸದ್ದೂ ಜಾಸ್ತಿ. ಬುಕ್ ಮಾಡುವ ಮೊದಲು ನಿಮ್ಮ ಊರಿನ ಟೈರ್ ಅಂಗಡಿಯಲ್ಲಿ ಆ ಅಳತೆಯ ಟೈರ್ ಸ್ಟಾಕ್ ಇರುತ್ತದಾ ಅಂತ ಕೇಳಿಬಿಡಿ.

ನೆಲದಿಂದ ಎತ್ತರ ಜಿಮ್ನಿಗೆ 210, ಮೂರು ಬಾಗಿಲಿನ ಥಾರ್‌ಗೆ 226, ಗೂರ್ಖಾಗೆ 233 ಮಿಲಿಮೀಟರ್. ನಿಮ್ಮ ದಾರಿಯ ನಡು ಉಬ್ಬನ್ನು ಟೇಪಿನಲ್ಲಿ ಅಳೆದು ನೋಡಿ. ಒಂದು ಮಾತು ನೆನಪಿರಲಿ, ಶೋರೂಮ್‌ನಲ್ಲಿ ಹಾಕಿಸುವ ಸೈಡ್ ಸ್ಟೆಪ್ ಈ ಎತ್ತರವನ್ನು ತಿಂದುಹಾಕುತ್ತದೆ. ಮೊದಲು ಕಲ್ಲಿಗೆ ತಾಗುವುದೇ ಅದು.

6. ಎರಡು ಪಟ್ಟಿ ಮಾಡಿ

ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ, ಆಮೇಲೆ ಆಗದ್ದು: ಫೋರ್ ಬೈ ಫೋರ್, ಲೋ ಗೇರ್, ಡಿಫರೆನ್ಷಿಯಲ್ ಲಾಕ್, ಏರ್‌ಬ್ಯಾಗ್, ಜಾರುವಾಗ ಗಾಡಿಯನ್ನು ಹಿಡಿಯುವ ಇಎಸ್‌ಸಿ, ಇಳಿಜಾರಿನಲ್ಲಿ ತಾನೇ ನಿಧಾನ ಇಳಿಸುವ ಹಿಲ್ ಡಿಸೆಂಟ್, ಹಿಂದಿನ ಗಾಜಿನ ವೈಪರ್ ಮತ್ತು ಮಂಜು ಕಳೆಯುವ ಡಿಫಾಗರ್. ಕೊನೆಯ ಎರಡನ್ನು ಬಯಲುಸೀಮೆಯವರು ಲೆಕ್ಕಕ್ಕೆ ಇಡುವುದಿಲ್ಲ. ಕೊಟ್ಟಿಗೆಹಾರದ ಮಂಜಿನಲ್ಲಿ ಗಾಡಿ ಹಿಂದಕ್ಕೆ ತೆಗೆದವರಿಗೆ ಅದರ ಬೆಲೆ ಗೊತ್ತು.

ಬಲಗಡೆ, ಆಮೇಲೆ ಆಗುವುದು: ದೊಡ್ಡ ಸ್ಕ್ರೀನು, ಸ್ಪೀಕರು, ಸೀಟ್ ಕವರು, ರಿವರ್ಸ್ ಕ್ಯಾಮೆರಾ, ಮ್ಯಾಟು. ಇವುಗಳನ್ನೂ ವೈರ್ ಕತ್ತರಿಸದೆ, ಕಂಪನಿಯ ಕಪ್ಲರ್‌ಗೆ ಜೋಡಿಸುವವರ ಹತ್ತಿರವೇ ಹಾಕಿಸಿ. ವೈರ್ ಕತ್ತರಿಸಿದರೆ ವಾರಂಟಿಗೆ ತಕರಾರು ಬರುತ್ತದೆ.

ಸನ್‌ರೂಫ್ ಯಾವ ಪಟ್ಟಿಗೂ ಬೇಡ ಅನ್ನುತ್ತೇನೆ. ಅದರ ಅಂಚಿನಲ್ಲಿ ನೀರು ಹರಿದುಹೋಗಲು ಸಣ್ಣ ಕೊಳವೆ ಇರುತ್ತದೆ. ತೋಟದ ನೆರಳಿನಲ್ಲಿ ನಿಲ್ಲಿಸಿದರೆ ಎಲೆ, ಹೂವು ಬಿದ್ದು ಅದು ಕಟ್ಟಿಕೊಳ್ಳುತ್ತದೆ. ಆಮೇಲೆ ನೀರು ಒಳಗೆ. ಕ್ಯಾನ್ವಾಸ್ ಹುಡ್ ಕೂಡ ಹಾಗೆಯೇ, ಮೂರು ತಿಂಗಳ ಮಳೆಗೆ ಸೀಟೆಲ್ಲ ಬೂಷ್ಟು ಹಿಡಿಯುತ್ತದೆ.

ಹೊರಗೆ ಮಾರ್ಪಾಡು ಮಾಡಿಸುವ ಆಸೆ ಇದ್ದರೆ ಕಾನೂನು ನೋಡಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ರಚನೆಯನ್ನು ಬದಲಾಯಿಸುವಂತಿಲ್ಲ. ಕಬ್ಬಿಣದ ಕ್ರ್ಯಾಶ್ ಗಾರ್ಡ್ ಬೇಡ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಹೇಳಿದೆ. ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ತೆರೆದುಕೊಳ್ಳಲು ಅದು ಅಡ್ಡಿ ಮಾಡಬಹುದು.

7. ತೆರಿಗೆಯ ಮೆಟ್ಟಿಲು ನೋಡಿ

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಕರ್ನಾಟಕದಲ್ಲಿ ಲೈಫ್ ಟ್ಯಾಕ್ಸ್ ಗಾಡಿಯ ಬೆಲೆ 5 ಲಕ್ಷದಿಂದ 10 ಲಕ್ಷದವರೆಗೆ ಇದ್ದರೆ ಶೇ 14, 10ರಿಂದ 20 ಲಕ್ಷಕ್ಕೆ ಶೇ 17, 20 ಲಕ್ಷ ದಾಟಿದರೆ ಶೇ 18. ಅದರ ಮೇಲೆ ಸೆಸ್ ಬೇರೆ. ಈ ದರ ಬೀಳುವುದು ಪೂರ್ತಿ ಬೆಲೆಯ ಮೇಲೆ, ದಾಟಿದ ಭಾಗದ ಮೇಲೆ ಮಾತ್ರ ಅಲ್ಲ.

ಒಂದು ವೇರಿಯಂಟ್ 9.90 ಲಕ್ಷ, ಇನ್ನೊಂದು 10.10 ಲಕ್ಷ ಅಂದುಕೊಳ್ಳಿ. ಬೆಲೆಯ ವ್ಯತ್ಯಾಸ 20,000. ತೆರಿಗೆ ಮಾತ್ರ ಮೊದಲನೆಯದಕ್ಕೆ 1,38,600, ಎರಡನೆಯದಕ್ಕೆ 1,71,700. ಸೆಸ್ ಬಿಟ್ಟೇ 33,100 ಜಾಸ್ತಿ. 20,000ದ ಸಾಮಾನಿಗೆ 53,000 ಕೊಟ್ಟ ಹಾಗಾಯಿತು, ಅಲ್ವಾ? 10 ಲಕ್ಷ ದಾಟಿದ ಗಾಡಿಗೆ ಶೇ 1 ಟಿಸಿಎಸ್ ಅಂತಲೂ ಹಿಡಿಯುತ್ತಾರೆ. ಅದು ಆದಾಯ ತೆರಿಗೆಯ ಲೆಕ್ಕಕ್ಕೆ ಸೇರುತ್ತದೆ. ರಿಟರ್ನ್ ಸಲ್ಲಿಸಿ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು.

ಜಿಎಸ್‌ಟಿಯಲ್ಲೂ ಇಂಥದ್ದೇ ಮೆಟ್ಟಿಲು ಇದೆ. 2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಒಳಗಿನ, 1,500 ಸಿಸಿವರೆಗಿನ ಡೀಸೆಲ್ ಅಥವಾ 1,200 ಸಿಸಿವರೆಗಿನ ಪೆಟ್ರೋಲ್ ಗಾಡಿಗೆ ಶೇ 18. ಅದನ್ನು ಮೀರಿದ್ದಕ್ಕೆ ಶೇ 40. 1.5 ಡೀಸೆಲ್‌ನ ಥಾರ್ ಮತ್ತು ಬೊಲೆರೋ ನಿಯೋ 18ರ ಸಾಲಿನಲ್ಲಿ ಬರುತ್ತವೆ. 2.2 ಡೀಸೆಲ್ ಥಾರ್ 40ರ ಸಾಲಿನಲ್ಲಿ. ಜಿಮ್ನಿ ಚಿಕ್ಕದಾದರೂ ಪೆಟ್ರೋಲ್ ಇಂಜಿನ್ 1,462 ಸಿಸಿ ಇರುವುದರಿಂದ ಅದೂ 40ಕ್ಕೇ ಸೇರುತ್ತದೆ. ಫೋರ್ ಬೈ ಫೋರ್‌ಗೆ ಯಾಕಿಷ್ಟು ದುಬಾರಿ ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲಿದೆ.

ಹಾಗಾಗಿ ಎಕ್ಸ್ ಶೋರೂಮ್ ಬೆಲೆಗಳನ್ನು ಹೋಲಿಸಬೇಡಿ. ಎರಡೂ ವೇರಿಯಂಟ್‌ಗಳ ಆನ್ ರೋಡ್ ಮೊತ್ತವನ್ನು ಪಕ್ಕಪಕ್ಕ ಇಟ್ಟು ನೋಡಿ.

8. ಟೆಸ್ಟ್ ಡ್ರೈವ್ ನಿಮ್ಮ ದಾರಿಯಲ್ಲಿ

ಶೋರೂಮ್‌ನಲ್ಲಿ ಓಡಿಸಲು ಕೊಡುವುದು ಹೆಚ್ಚಾಗಿ ಟಾಪ್ ಎಂಡ್ ಆಟೊಮ್ಯಾಟಿಕ್. ನೀವು ಕೊಳ್ಳುವುದು ಮ್ಯಾನುಯಲ್. ಇಂಜಿನ್, ಗೇರ್, ಟೈರ್ ಮೂರೂ ಬೇರೆ ಇರಬಹುದು. ನೀವು ಕೊಳ್ಳುವ ವೇರಿಯಂಟನ್ನೇ ಕೇಳಿ, ಸಿಗದಿದ್ದರೆ ಹತ್ತಿರದ್ದನ್ನು. ಬೈಪಾಸಿನಲ್ಲಿ ಒಂದು ಸುತ್ತು ಸಾಲದು. ಏರಿರುವ ಮಣ್ಣಿನ ದಾರಿಗೆ ಒಯ್ಯಲು ಹೇಳಿ, ಹಿಂದಿನ ಸೀಟಿನಲ್ಲಿ ಮನೆಯ ಹಿರಿಯರನ್ನು ಕೂರಿಸಿ. ಅಮ್ಮನಿಗೆ ಹತ್ತಿ ಇಳಿಯಲು ಆಗದ ಗಾಡಿ ಆಮೇಲೆ ಮನೆಯಲ್ಲಿ ದಿನಾ ಮಾತಿಗೆ ಬರುತ್ತದೆ. ಮೂರು ಬಾಗಿಲಾ, ಐದು ಬಾಗಿಲಾ ಅನ್ನುವುದು ಅಲ್ಲೇ ತೀರ್ಮಾನ ಆಗುತ್ತದೆ.

9. ಕೊಟೇಶನ್ ಮತ್ತು ಬುಕ್ಕಿಂಗ್

ಕೊಟೇಶನ್‌ನ ಪ್ರತಿ ಸಾಲನ್ನೂ ಓದಿ. ಹ್ಯಾಂಡ್ಲಿಂಗ್ ಚಾರ್ಜ್, ಆಕ್ಸೆಸರಿ ಕಿಟ್ ಅಂತ ಇದ್ದರೆ ಅದು ಯಾವುದಕ್ಕೆ ಅಂತ ಬರಹದಲ್ಲಿ ಕೇಳಿ, ಬೇಡದ್ದನ್ನು ತೆಗೆಸಿ. ಇನ್ಶೂರೆನ್ಸ್ ಶೋರೂಮ್‌ನಲ್ಲೇ ಮಾಡಿಸಬೇಕೆಂದಿಲ್ಲ, ಹೊರಗೆ ಹೋಲಿಸಿ ನೋಡಿ. ಎಲ್ಲಿ ಮಾಡಿಸಿದರೂ ಇಂಜಿನ್ ಪ್ರೊಟೆಕ್ಷನ್ ಸೇರಿಸಿ. ಹಳ್ಳದ ನೀರು ಇಂಜಿನ್ ಒಳಗೆ ಹೋಗಿ ಕೆಟ್ಟರೆ ಸಾಮಾನ್ಯ ಪಾಲಿಸಿಯಲ್ಲಿ ಆ ಖರ್ಚು ಸಿಗುವುದು ಕಷ್ಟ. ಥಾರ್‌ಗೆ 650, ಗೂರ್ಖಾಗೆ 700 ಮಿಲಿಮೀಟರ್ ನೀರಿನವರೆಗೆ ದಾಟಬಹುದು ಅಂತ ಕಂಪನಿಗಳು ಹೇಳುತ್ತವೆ. ಅದು ನಿಂತ ನೀರಿನ ಲೆಕ್ಕ. ಹರಿಯುವ ಹಳ್ಳಕ್ಕೆ ಅದನ್ನು ನಂಬಬೇಡಿ. ನೀರಿನಲ್ಲಿ ಇಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ.

"ಈ ವೇರಿಯಂಟ್‌ಗೆ ಕಾಯಬೇಕು, ಆ ವೇರಿಯಂಟ್ ಸ್ಟಾಕ್ ಇದೆ, ನಾಳೆನೇ ಡೆಲಿವರಿ" ಅನ್ನುವ ಮಾತು ಬಂದೇ ಬರುತ್ತದೆ. ಈ ಗಾಡಿ ನಿಮ್ಮ ಹತ್ತಿರ ಹತ್ತು ವರ್ಷ ಇರುತ್ತದೆ. ಎರಡು ತಿಂಗಳು ಕಾಯಿರಿ.

10. ಡೆಲಿವರಿಗೆ ಮುಂಚೆ

ರಿಜಿಸ್ಟ್ರೇಷನ್ ಆಗುವ ಮೊದಲು, ಹಗಲು ಹೊತ್ತಿನಲ್ಲಿ ಗಾಡಿ ನೋಡಿ. ಕೆಎ 18 ಆಗಲಿ, ಕೆಎ 46 ಆಗಲಿ, ನಂಬರ್ ಬಿದ್ದ ಮೇಲೆ ಬದಲಾಯಿಸುವುದು ಕಷ್ಟ. ತಯಾರಾದ ತಿಂಗಳು, ವರ್ಷ ನೋಡಿ. ವೇರಿಯಂಟ್ ಹೆಸರನ್ನು ಇನ್‌ವಾಯ್ಸ್ ಜೊತೆ ತಾಳೆ ನೋಡಿ. ಸ್ಟೆಪ್ನಿ ಟೈರಿನ ಅಳತೆ ಉಳಿದ ನಾಲ್ಕರದ್ದೇ ಇದೆಯಾ, ಎಳೆಯುವ ಕೊಕ್ಕೆ, ಜ್ಯಾಕ್, ಪಾನಾ ಇವೆಯಾ ನೋಡಿ.

ಆಮೇಲೆ ಮಣ್ಣಿನ ಜಾಗಕ್ಕೆ ಒಯ್ದು, ಗಾಡಿ ಪೂರ್ತಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಮ್ಯಾನುಯಲ್ ಆದರೆ ಕ್ಲಚ್ ಒತ್ತಿ 4ಎಲ್ ಹಾಕಿ. ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಬರಬೇಕು, ಒಂದನೇ ಗೇರಿನಲ್ಲಿ ಗಾಡಿ ಆಮೆಯ ಹಾಗೆ ತೆವಳಬೇಕು. ಮತ್ತೆ 2ಎಚ್‌ಗೆ ತಂದಾಗ ದೀಪ ಆರಬೇಕು. ಮನೆಗೆ ತಂದ ಮೇಲೂ ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ಕೂಡ, ತೋಟದ ಮಣ್ಣಿನಲ್ಲಿ ಇದನ್ನು ಹಾಕಿ ಸ್ವಲ್ಪ ದೂರ ಓಡಿಸಿ. ಹಾಗೆ ಮಾಡದಿದ್ದರೆ ಲಿವರ್ ಬಿಗಿಯಾಗಿ, ಮೊದಲ ಮಳೆಯ ದಿನವೇ ಕೈಕೊಡಬಹುದು.